ಎಲ್ಲದರಲ್ಲೂ ಕಡಿಮೆ

ಎಲ್ಲ ಎಡವಟ್ಟಿಗೂ ಮೂಲ ಒಂದು ಫೋನ್ ನಂಬರು. ಮೂರು ತಿಂಗಳ ಹಿಂದೆ ನೀರು ಸರಬರಾಜು ಕಚೇರಿಯ ಹನ್ನೊಂದು ಮಂದಿ ಒಟ್ಟಿಗೆ ರಕ್ತ ಪರೀಕ್ಷೆ ಮಾಡಿಸಿಕೊಂಡಾಗ, ಎಲ್ಲರ ಹೆಸರಿನ ಮುಂದೆಯೂ ಮೀಟರ್ ಮೇಲ್ವಿಚಾರಕರ ನಂಬರನ್ನೇ ಬರೆಸಿದ್ದರು. ಮೊನ್ನೆ ದೂರು ವಿಭಾಗದ ಗುಮಾಸ್ತ ತಲೆಗೆ ಮಫ್ಲರ್ ಸುತ್ತಿಕೊಂಡು, ಕಳ್ಳನ ಹಾಗೆ ಅದೇ ಲ್ಯಾಬಿಗೆ ಹೋಗಿ ಇನ್ನೊಂದು ಪರೀಕ್ಷೆಗೆ ಕೊಟ್ಟು ಬಂದ. ಮಫ್ಲರಿನ ಗಡಿಬಿಡಿಯಲ್ಲಿ ನಂಬರು ಬದಲಿಸುವುದು ಮರೆತೇ ಹೋಯಿತು.

ಮದುವೆಯಾಗಿ ನಾಲ್ಕು ವರ್ಷ. ಹೆಂಡತಿ ತನ್ನ ಪರೀಕ್ಷೆಗಳನ್ನೆಲ್ಲ ಮುಗಿಸಿ, ಅವಳಲ್ಲಿ ಯಾವ ಕೊರತೆಯೂ ಇಲ್ಲವೆಂದು ಬಂದ ದಿನ, ಫೈಲನ್ನು ಇವನ ದಿಂಬಿನ ಪಕ್ಕ ಇಟ್ಟು ಸುಮ್ಮನೆ ಮಲಗಿದ್ದಳು. ಕೂಗಾಡಿದ್ದರೆ ಇವನು ಇನ್ನೊಂದು ವರ್ಷ ದೂಡುತ್ತಿದ್ದನೇನೋ. ಆ ಮೌನ ಅವನನ್ನು ಲ್ಯಾಬಿಗೆ ನಡೆಸಿತು.

ಮೇಲ್ವಿಚಾರಕರು ಇಪ್ಪತ್ತೆರಡು ವರ್ಷ ಮನೆಮನೆಯ ಮೀಟರ್ ಓದಿದವರು. ಅಂಕಿ ಕಂಡರೆ ಗಟ್ಟಿಯಾಗಿ ಓದಿಬಿಡುವುದೇ ಅಭ್ಯಾಸ. ಅದು ಏನನ್ನು ಅಳೆದ ಅಂಕಿ ಎಂದು ಯೋಚಿಸುವುದು ಬೇರೆಯವರ ಕೆಲಸ. ಅಕ್ಕಿ, ಹಿಟ್ಟು, ಸಕ್ಕರೆ ಮುಟ್ಟದ ಪಥ್ಯದ ಬಳಗವನ್ನು ಕಚೇರಿಯಲ್ಲಿ ಕಟ್ಟಿದವರೂ ಅವರೇ. ದಿನಾ ಹತ್ತು ಗಂಟೆಗೆ ಸದಸ್ಯರ ತೂಕ, ಶುಗರು ಓದಿ, ಇಳಿಸಿದವರಿಗೆ ಚಪ್ಪಾಳೆ ತಟ್ಟಿಸುತ್ತಿದ್ದರು. ಗುಮಾಸ್ತನಿಗೆ ಮಾತ್ರ ನಾಲ್ಕು ತಿಂಗಳಲ್ಲಿ ಒಂದು ಚಪ್ಪಾಳೆಯೂ ಬಿದ್ದಿರಲಿಲ್ಲ. ಒಂದು ಗ್ರಾಂ ಕೂಡ ಇಳಿದಿರಲಿಲ್ಲ. "ಒಳಗೊಳಗೇ ಕರಗ್ತಿದೆ, ಧೈರ್ಯ ಬಿಡ್ಬೇಡಿ" ಎಂದು ಮೇಲ್ವಿಚಾರಕರು ಬೆನ್ನು ತಟ್ಟುತ್ತಿದ್ದರು.

ಅವತ್ತು ಅವರು ಫೋನ್ ಹಿಡಿದು ಮುಖ ಅರಳಿಸಿಕೊಂಡು ಎದ್ದುನಿಂತರು.

"ನಮ್ಮ ಗುಮಾಸ್ತ್ರು ಕೊನೆಗೂ ಸಾಧಿಸಿಬಿಟ್ರು. ಟೆಸ್ಟೊಸ್ಟೆರಾನ್, ನೂರ ಎಂಬತ್ತು. ಮುನ್ನೂರರ ಮೇಲಿರ್ಬೇಕಿತ್ತಂತೆ, ಎಲ್ಲಿಗೆ ಇಳಿಸಿದಾರೆ ನೋಡಿ. ಸ್ಪರ್ಮ್ ಕೌಂಟು, ಕಡಿಮೆ. ಮೊಟಿಲಿಟಿ, ಕಡಿಮೆ. ಎಲ್ಲದ್ರಲ್ಲೂ ಕಡಿಮೆ. ತಟ್ಟಿ ಚಪ್ಪಾಳೆ."

ಎರಡು ಚಪ್ಪಾಳೆ ಬಿದ್ದವು. ಮೂರನೆಯದು ಅರ್ಧದಲ್ಲೇ ನಿಂತಿತು. ಟೈಪಿಸ್ಟ್ ಅಕ್ಕ ತಲೆ ತಗ್ಗಿಸಿ ಕೀಲಿಗಳ ಧೂಳು ಒರೆಸತೊಡಗಿದರು. ಗುಮಾಸ್ತ ಏನೋ ಹೇಳಲು ಬಾಯಿ ತೆರೆದ. ಗಾಳಿ ತುಂಬಿದ ನಲ್ಲಿಯ ಹಾಗೆ ಗೊರಗೊರ ಸದ್ದಷ್ಟೇ ಬಂತು. ಸಾಲದ್ದಕ್ಕೆ ಅದೇ ಹೊತ್ತಿಗೆ ಕೌಂಟರಿನಲ್ಲಿ ಒಬ್ಬ ಅಜ್ಜಿ, ಮೂರು ದಿನದಿಂದ ಒತ್ತಡವೇ ಇಲ್ಲ, ಯಾರನ್ನು ಕೇಳಬೇಕು ಎಂದರು. ಇಡೀ ಕಚೇರಿಗೆ ಒಮ್ಮೆಲೇ ಕೆಮ್ಮು ಬಂತು.

ಮುಂದಿನ ಅರ್ಧ ಗಂಟೆಯಲ್ಲಿ ಅವನ ಮೇಜು ಸಂತೆಯಾಯಿತು. ಪೈಪ್ ಫಿಟ್ಟರ್ ಸಡಿಲ ಪ್ಯಾಂಟು ಹಾಕಲು ಹೇಳಿದ. ಕ್ಯಾಷಿಯರ್ ಇವನ ಜೇಬಿನಿಂದ ಮೊಬೈಲನ್ನು ತಾನೇ ತೆಗೆದು ದೂರದ ಕಿಟಕಿಯಲ್ಲಿಟ್ಟರು. ಇನ್ನೊಬ್ಬರು ಕುರ್ಚಿಗೆ ಒದ್ದೆ ಟವೆಲ್ಲು ಹಾಸಿದರು. ತಣ್ಣಗಿರಬೇಕಂತೆ. ಮಧ್ಯಾಹ್ನ ಅವನು ಡಾಕ್ಟರಮ್ಮನ ಮುಂದೆ ಕೂತಾಗ ಪ್ಯಾಂಟಿನ ಹಿಂಭಾಗ ಇನ್ನೂ ಒಣಗಿರಲಿಲ್ಲ.

ಡಾಕ್ಟರಮ್ಮ ವರದಿ ನೋಡಿ, ಊಟದಲ್ಲೇನಾದರೂ ಕಟ್ಟುನಿಟ್ಟು ಉಂಟೇ ಎಂದು ಕೇಳಿದರು. ಗುಮಾಸ್ತ ನಾಲ್ಕು ತಿಂಗಳ ಪಥ್ಯವನ್ನು ಒಂದೇ ಉಸಿರಿಗೆ ಒಪ್ಪಿಸಿದ.

"ಕೆಲವ್ರಿಗೆ ಅತಿಯಾದ ಪಥ್ಯದಿಂದ ಹೀಗಾಗೋದುಂಟು" ಎಂದರು ಅವರು. "ನಿಮಗೂ ಅದೇ ಕಾರಣ ಅಂತ ಈಗ್ಲೇ ಹೇಳಲ್ಲ. ಬಿಟ್ಟು ಮೂರು ತಿಂಗಳಾದ್ಮೇಲೆ ನೋಡೋಣ. ಅದಲ್ಲ ಅಂತಾದ್ರೆ ಈ ಪರೀಕ್ಷೆಗಳಿವೆ." ಒಂದು ಉದ್ದನೆಯ ಪಟ್ಟಿ ಬರೆದುಕೊಟ್ಟರು.

ಅವನ ಕಿವಿಗೆ ಬಿದ್ದದ್ದು ಮೊದಲ ವಾಕ್ಯ ಮಾತ್ರ. ತಪ್ಪು ತನ್ನದಲ್ಲ, ಪಥ್ಯದ್ದು. ಬಸ್ಸಿನಲ್ಲಿ ಕೂತು, ಆ ಪಟ್ಟಿಯನ್ನು ಮಗುಚಿ, ಹಿಂಬದಿಯಲ್ಲಿ ಇನ್ನು ಮೇಲೆ ತಿನ್ನಬೇಕಾದದ್ದನ್ನೆಲ್ಲ ಬರೆದ: ಅನ್ನ, ಆಲೂಗಡ್ಡೆ, ಬಾಳೆಹಣ್ಣು, ಕೇಕು.

ಕಚೇರಿಗೆ ಎದೆಯುಬ್ಬಿಸಿ ಬಂದವನು ಸುದ್ದಿ ಹೇಳಿ ಮುಗಿಸುವಷ್ಟರಲ್ಲಿ ಗಂಡಸರ ಮುಖವೆಲ್ಲ ಬಿಳಿಚಿಕೊಂಡಿತು. ಮೂರು ಗಂಟೆಗೆ ಬಳಗ ಮುರಿದುಬಿತ್ತು. ಎಲ್ಲರ ಮೇಜಿನ ಮೇಲೂ ಬನ್ನು, ಬಿಸ್ಕತ್ತು. ಪೈಪ್ ಫಿಟ್ಟರ್ ಗುಮಾಸ್ತನ ಕೈ ಹಿಡಿದು, ನೀವು ನಮ್ಮ ವಂಶ ಉಳಿಸಿದಿರಿ ಎಂದ. ಮೇಲ್ವಿಚಾರಕರು ಮೂಲೆಯಲ್ಲಿ ತಮ್ಮ ಬೇಯಿಸಿದ ಮೊಟ್ಟೆಗಳ ಮುಂದೆ ಒಬ್ಬರೇ ಕೂತಿದ್ದರು, ಶಾಲೆಯಿಂದ ಹೊರಹಾಕಿದ ಹುಡುಗನ ಹಾಗೆ.

ಸಂಜೆ ಬಾಗಿಲು ತೆರೆದ ಹೆಂಡತಿಗೆ ಚಪ್ಪಲಿ ಬಿಚ್ಚುವ ಮೊದಲೇ ಎಲ್ಲ ಹೇಳಿದ. ಅವಳು ಗೋಡೆಗೆ ಒರಗಿ ನಿಂತು ಕೇಳಿದಳು.

"ಹಾಗಾದ್ರೆ ಬರೀ ಮೂರು ತಿಂಗಳ ಮಾತು, ಅಲ್ವೇನ್ರೀ?" ಎಂದಳು. ಎಷ್ಟೋ ದಿನದ ಮೇಲೆ ನಕ್ಕಳು.

ಆ ನಗುವನ್ನು ನೋಡುತ್ತಲೇ ಅವನು ಅಡುಗೆಮನೆಗೆ ನಡೆದ. ಅಲ್ಲಿ ಮಾವ ಹಿಟ್ಟು ನಾದುತ್ತಿದ್ದರು. ನಲವತ್ತು ವರ್ಷ ಬೇಕರಿ ನಡೆಸಿ, ಈಗ ಮಗಳ ಮನೆಯಲ್ಲಿರುವವರು. ಅಳಿಯನ ಪಥ್ಯಕ್ಕೆಂದು ಬಾದಾಮಿ ಹಿಟ್ಟಿನ ಬ್ರೆಡ್ಡು ಸುಡುವುದು ಅವರ ಕೆಲಸ. ಆ ಬ್ರೆಡ್ಡಿಗೆ ಇಡೀ ಕಚೇರಿ ಹೊಟ್ಟೆಕಿಚ್ಚು ಪಟ್ಟಿತ್ತು. ಬೇರೆಯವರದು ಹಲಗೆಯಂತಿದ್ದರೆ ಇವನದು ಹತ್ತಿಯಂತೆ. ಪಥ್ಯದ್ದೇ ತಾನೇ ಎಂದು ಗುಮಾಸ್ತ ದಿನಕ್ಕೊಂದು ಇಡೀ ಬ್ರೆಡ್ಡು ಮುಗಿಸುತ್ತಿದ್ದ. ಈಚೆಗೆ ಮಾವನ ಕೆನ್ನೆಗಳೂ ಕೆಂಪೇರಿ, ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಕೆಲಸ ಸಿಕ್ಕ ಖುಷಿ ಎಂದು ಮನೆಯವರು ಅಂದುಕೊಂಡಿದ್ದರು.

"ಮಾವ, ಬಾದಾಮಿ ಸಾಕು. ಇವತ್ತಿಂದ ಮೈದಾದ್ದೇ ಮಾಡಿ."

ಮಾವನ ಕೈ ನಿಂತಿತು. "ಅದನ್ನೇ ಅಲ್ವೇ ಮಾಡ್ತಿರೋದು" ಎಂದರು.

"ಯಾವಾಗಿಂದ?"

"ಮೊದಲ್ನೇ ದಿನದಿಂದ್ಲೇ." ಮಾವ ಹಿಟ್ಟಿನ ಕಡೆಗೇ ನೋಡುತ್ತಾ ಹೇಳಿದರು. "ಅವತ್ತು ಮೊದ್ಲು ಬಾದಾಮಿದೇ ಮಾಡ್ದೆ ಅಳಿಯಂದ್ರೇ. ಉಬ್ಬಲಿಲ್ಲ, ಇಟ್ಟಿಗೆ ಆಯ್ತು. ನೀವು ಆಫೀಸಿಂದ ಬರೋ ಮುಂಚೆ ಹಿತ್ತಲಲ್ಲಿ ಹೂತೆ. ಇಷ್ಟು ವರ್ಷ ಒಲೆ ಮುಂದೆ ನಿಂತು, ಮನೆ ಅಳಿಯನಿಗೆ ಇಟ್ಟಿಗೆ ಬಡಿಸೋಕಾಗುತ್ತಾ? ಅವತ್ತಿಂದ ಮೈದಾನೇ. ಸ್ವಲ್ಪ ಸಕ್ಕರೆ."

"ಅಂದ್ರೆ ನಾನು ಒಂದು ದಿನಾನೂ ಪಥ್ಯ ಮಾಡಿಲ್ವಾ?"

"ಒಂದು ದಿನಾನೂ ಇಲ್ಲ."

"ಅಷ್ಟೊಂದು ಬಾದಾಮಿ ಹಿಟ್ಟು?"

ಮಾವನ ಕೆನ್ನೆ ಇನ್ನಷ್ಟು ಕೆಂಪಾಯಿತು. "ಹಾಳಾಗ್ಬಾರ್ದಲ್ಲ ಅಂತ ಹಾಲಿಗೆ ಹಾಕ್ಕೊಂಡು ಕುಡೀತಿದ್ದೆ."

ಜೇಬಿನಲ್ಲಿ ಫೋನು ಗುಂಯ್ಗುಟ್ಟಿತು. ಎಂಟು ಗಂಡಸರ ಎಂಟು ವಂದನೆಗಳು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು; ಆ ನಗು ಮುಖದಲ್ಲಿ ಎಲ್ಲೂ ಇರಲಿಲ್ಲ.

"ಹಾಗಾದ್ರೆ ಕಾರಣ ಏನ್ರೀ?" ಎಂದಳು, ಮೆಲ್ಲಗೆ.

ದಿನಕ್ಕೆ ನಲವತ್ತು ದೂರು ಬರೆದುಕೊಳ್ಳುವವನಿಗೆ ಈ ಒಂದನ್ನು ಯಾವ ಕೌಂಟರಿಗೆ ಕೊಡಬೇಕೋ ತಿಳಿಯಲಿಲ್ಲ. ಜೇಬಿನಿಂದ ಚೀಟಿ ತೆಗೆದ. ಅನ್ನ, ಆಲೂಗಡ್ಡೆ, ಬಾಳೆಹಣ್ಣು, ಕೇಕು. ನಿಧಾನವಾಗಿ ಮಗುಚಿದ. ಡಾಕ್ಟರಮ್ಮನ ಪಟ್ಟಿ ಕಾಗದದ ಕೊನೆಯವರೆಗೂ ಇತ್ತು.

ಮಾವ ಸಂಕೋಚದಿಂದ ಒಂದು ತುಂಡು ಬ್ರೆಡ್ಡು ತಟ್ಟೆಗೆ ಹಾಕಿ ಮುಂದೆ ಸರಿಸಿದರು. ಅಭ್ಯಾಸಬಲದಿಂದ ಬಾಯಿಗಿಟ್ಟುಕೊಂಡ. ಹತ್ತಿಯಷ್ಟೇ ಮೆತ್ತಗಿತ್ತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನು ಎರಡನೆಯ ತುಂಡಿಗೆ ಕೈ ಚಾಚದೆ, ಪಟ್ಟಿಯ ಮೊದಲ ಸಾಲು ಓದತೊಡಗಿದ.