ಬೋಗಾದಿಯಲ್ಲೊಂದು ಬೊಟಿಕ್ ಇದೆ, ದಯವಿಟ್ಟು ಬನ್ನಿ

ಬಟ್ಟೆ ಹೊಲಿಯುವುದು ಕಷ್ಟವಲ್ಲ, ಹೊಲಿಯುತ್ತೇನೆ ಅಂತ ಊರಿಗೆ ತಿಳಿಸುವುದು ಕಷ್ಟ. ಅಂಗಡಿ ತೆರೆದಾಗಿನಿಂದ ನನಗೆ ಒಂದಲ್ಲ ಒಂದು ಆಗುತ್ತಲೇ ಇದೆ. ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ನಗು ಬರತೊಡಗಿತು, ಈಗ ಎರಡಕ್ಕೂ ತ್ರಾಣವಿಲ್ಲದೆ ಒಂದು ಲೋಟ ಟೀ ತರಿಸಿಕೊಂಡು ಸುಮ್ಮನೆ ಕೂರುತ್ತೇನೆ.

ಮೊದಲು ನಾನೊಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಸ್ಯಾಂಪಲ್ ವಿಭಾಗದಲ್ಲಿದ್ದೆ. ಯಾರೋ ಎಲ್ಲೋ ಕೂತು ಬರೆದು ಕಳಿಸಿದ ಅಂಗಿಗೆ ಇಲ್ಲಿ ಕಾಲರ್ ಕೂರಿಸಿ ಕೂರಿಸಿ ಸಾಕಾಗಿತ್ತು. ನನ್ನದೇ ಡಿಸೈನು ಮಾಡಬೇಕು, ನನ್ನದೇ ಹೆಸರಿನಲ್ಲಿ ಮಾರಬೇಕು ಅಂತ ಆಸೆಪಟ್ಟು ಕೆಲಸ ಬಿಟ್ಟೆ. ಬೋಗಾದಿಯ ಹೊಸ ಬಡಾವಣೆಯಲ್ಲಿ ಒಂದು ಮಳಿಗೆ ಹಿಡಿದೆ. ಎಡಕ್ಕೆ ಹಾರ್ಡ್‌ವೇರ್ ಅಂಗಡಿ, ಬಲಕ್ಕೆ ಯಾವತ್ತೂ ಕಟ್ಟಿ ಮುಗಿಯದ ಕಟ್ಟಡ. ಮಂಡಿ ಮೊಹಲ್ಲಾದಲ್ಲಿ ಬಹಳ ಕಾಲ ಶೇರ್ವಾನಿ ಹೊಲಿದಿದ್ದ ಒಬ್ಬ ಹಿರಿಯ ಟೈಲರ್ ಮಾಸ್ಟರ್ ಬಂದು ನನ್ನ ಜೊತೆ ಸೇರಿಕೊಂಡರು. ಮನೆಯಲ್ಲಿ ನನ್ನವರು, "ಯುಗಾದಿವರೆಗೆ ನೋಡೋಣ. ಅಷ್ಟರಲ್ಲಿ ಗಿರಾಕಿ ಹತ್ತದೇ ಇದ್ರೆ ವಾಪಸ್ ಕಾರ್ಖಾನೆಗೆ ಹೋಗ್ತೀಯಾ ತಾನೇ?" ಅಂದರು. ಹೂಂ ಅಂದೆ. ಅವರು ಒಳ್ಳೆಯ ಮಾತಿನಲ್ಲೇ ಕೇಳಿದ್ದರು, ಅದಕ್ಕೇ ಜಾಸ್ತಿ ಭಯವಾಯಿತು.

ಬೋರ್ಡು

ಅಂಗಡಿಯ ಬೋರ್ಡಿನಲ್ಲಿ ಬರೀ 'ಟೈಲರ್' ಅಂತ ಬರೆಸಿದರೆ ಜನ ಪ್ಯಾಂಟಿನ ಕಾಲು ಮಡಿಸಲು ತರುತ್ತಾರೆ ಅನ್ನಿಸಿ, ದೊಡ್ಡ ಅಕ್ಷರದಲ್ಲಿ 'ಡಿಸೈನ್ ಸ್ಟುಡಿಯೋ' ಅಂತ ಬರೆಸಿದೆ. ರಾತ್ರಿಯೂ ಕಾಣುವ ಹಾಗೆ ಅದರ ಹಿಂದೆ ದೀಪ ಹಾಕಿಸಿದೆ. ಬೆಳಿಗ್ಗೆ ಬಾಗಿಲು ತೆಗೆದು ಊದುಬತ್ತಿ ಹಚ್ಚಿ ಕೂತಿದ್ದೇ ತಡ, ಒಬ್ಬ ಹುಡುಗ ಓಡಿಬಂದ. ಕೆಲಸದ ಇಂಟರ್ವ್ಯೂಗೆ ಹೊರಟವನ ಹಾಗೆ ಕೂದಲು ಒದ್ದೆ ಮಾಡಿ ಬಾಚಿದ್ದ.

"ಮೇಡಂ, ಅರ್ಜೆಂಟು. ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಿತ್ತು."

"ಇದು ಫೋಟೋ ಸ್ಟುಡಿಯೋ ಅಲ್ಲಪ್ಪ. ಬಟ್ಟೆ ಡಿಸೈನ್ ಮಾಡ್ತೀವಿ."

ಅವನು ಒಮ್ಮೆ ಬೋರ್ಡನ್ನೂ ಒಮ್ಮೆ ನನ್ನನ್ನೂ ನೋಡಿದ. ಮೋಸಹೋದವನ ಮುಖ. ಆಮೇಲೆ ಅವನ ಕಣ್ಣು ಗಾಜಿನೊಳಗೆ ಬೊಂಬೆಗೆ ತೊಡಿಸಿದ್ದ ಕೋಟಿನ ಮೇಲೆ ಬಿತ್ತು. ನನ್ನ ಮೊದಲ ಡಿಸೈನು, ನಾನೂ ಮಾಸ್ಟರೂ ಜಗಳವಾಡಿ ಹೊಲಿದದ್ದು. ಅವನ ಮುಖ ಅರಳಿತು. ನನ್ನ ಮುಖವೂ ಅರಳಿತು.

"ಹಂಗಾದ್ರೆ ಆ ಕೋಟು ಒಂದ್ ಹತ್ತು ನಿಮಿಷ ಕೊಡಿ ಮೇಡಂ. ಆ ಕಡೆ ರಸ್ತೇಲಿ ಬೇರೆ ಸ್ಟುಡಿಯೋ ಇದೆ. ಫೋಟೋ ಹೊಡೆಸ್ಕೊಂಡು ವಾಪಸ್ ತಂದುಕೊಡ್ತೀನಿ."

ಕರಪತ್ರ

ಕರಪತ್ರ ಹಂಚಿದರೆ ಜನ ಓದುತ್ತಾರೆ ಅಂತ ಯಾರೋ ಅಂದರು. ಒಳ್ಳೆಯ ಕಾಗದ ಆರಿಸಿ, ನಾನೇ ಚಿತ್ರ ಬರೆದು, ಬಣ್ಣಕ್ಕಾಗಿ ಮುದ್ರಣದವರ ತಲೆ ತಿಂದು ಮಾಡಿಸಿದೆ. ಪೇಪರ್ ಹಾಕುವವರ ಕೈಗೆ ಕೊಟ್ಟು, ಒಂದೊಂದು ಪತ್ರಿಕೆಯೊಳಗೆ ಒಂದೊಂದು ಇಡಿ ಅಂತ ಕೈಮುಗಿದೆ. ಒಂದು ವಾರವಾದರೂ ಫೋನು ಮಿಸುಕಲಿಲ್ಲ.

ಒಂದು ಸಂಜೆ ಬೇಜಾರಿಗೆ ರಸ್ತೆ ಕೊನೆಯ ಗಾಡಿಯಲ್ಲಿ ಚುರುಮುರಿ ತೆಗೆದುಕೊಂಡೆ. ಅರ್ಧ ತಿಂದ ಮೇಲೆ ಪೊಟ್ಟಣದ ಒಳಗಿನಿಂದ ನನ್ನದೇ ಡಿಸೈನಿನ ರವಿಕೆಯೊಂದು, ಈರುಳ್ಳಿ ಮೆತ್ತಿಕೊಂಡು, ನನ್ನನ್ನೇ ನೋಡುತ್ತಿತ್ತು. ಗಾಡಿಯವರಿಗೆ ತೋರಿಸಿ, "ಈ ಕಾಗದ ಎಲ್ಲಿಂದ ಬಂತು?" ಅಂದೆ.

"ಯಾರೋ ಒಂದು ಕಟ್ಟೇ ಕೊಟ್ಟೋದ್ರು ಮೇಡಂ. ಭಾರೀ ಪೇಪರು ಕಣ್ರೀ! ದಪ್ಪ ಇದೆ, ಎಣ್ಣೆ ಹೀರಲ್ಲ," ಅಂತ ಮನಸಾರೆ ಹೊಗಳಿದರು.

"ಅದು ನನ್ನ ಅಂಗಡೀದು," ಅಂದೆ.

"ಹೌದಾ!" ಅಂತ ಅವರಿಗೆ ನಿಜವಾಗಿಯೂ ಸಂತೋಷವಾಯಿತು. "ಮುಂದಿನ ಸಲ ಸ್ವಲ್ಪ ಅಗಲ ಮಾಡಿಸಿ ಮೇಡಂ. ಮಸಾಲೆ ಮಂಡಕ್ಕಿಗೆ ಸಾಲ್ತಾ ಇಲ್ಲ."

ಆಟೋದ ಮೈಕು

ಓದುವುದಿಲ್ಲವಾದರೆ ಕೇಳಲಿ ಅಂತ, ಮೈಕು ಕಟ್ಟಿಕೊಂಡು ಬೀದಿ ಬೀದಿ ಸುತ್ತುವ ಒಬ್ಬ ಆಟೋದವರನ್ನು ಹಿಡಿದೆ. ನಾನೇ ಮಾತು ಬರೆದು, ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿ ಪೆನ್ ಡ್ರೈವಿನಲ್ಲಿ ಕೊಟ್ಟೆ. ಅವರು ಈಗಾಗಲೇ ಕುಕ್ಕರ್ ರಿಪೇರಿಯವರೊಬ್ಬರ ಪ್ರಚಾರವನ್ನೂ ಒಪ್ಪಿಕೊಂಡಿದ್ದಾರೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಡೀಸೆಲ್ ಉಳಿಯಲಿ ಅಂತ ಪಾಪ, ಎರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸುತ್ತಿದ್ದರು. ಎರಡರ ನಡುವೆ ಉಸಿರಾಡುವಷ್ಟೂ ಬಿಡುವಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿಯ ಮುಂದೆ ಆಟೋ ಹಾದುಹೋಯಿತು. ನನ್ನ ದನಿ ಸಕ್ಕರೆಯ ಹಾಗೆ ಹರಿದು ಬಂತು: "ಮದುವೆಯ ದಿನ ಎಲ್ಲರ ಕಣ್ಣೂ ನಿಮ್ಮ ಮೇಲೇ ಇರಬೇಕೇ? ವಧುವಿಗಾಗಿಯೇ ವಿಶೇಷ ಡಿಸೈನರ್ ಉಡುಪುಗಳು..." ಅಷ್ಟರಲ್ಲಿ ಒಬ್ಬ ಗಂಡಸಿನ ಗಡಸು ದನಿ ಅದನ್ನು ಎತ್ತಿಕೊಂಡಿತು: "ಹಳೇದಾಗಿದ್ದರೂ ಚಿಂತೆಯಿಲ್ಲ! ಹಿಡಿ ಲೂಸಾಗಿದೆಯೇ? ಸೀಟಿ ಹೊಡೆಯುತ್ತಿಲ್ಲವೇ? ನಿಮ್ಮ ಕಣ್ಣೆದುರಿಗೇ ಸರಿಮಾಡಿಕೊಡುತ್ತೇವೆ!" ಅದರ ಬೆನ್ನಿಗೇ ಮತ್ತೆ ನನ್ನ ದನಿ ನನ್ನ ಅಂಗಡಿಯ ವಿಳಾಸ ಹೇಳಿತು.

ಮಾಸ್ಟರು ಕತ್ತರಿ ಕೆಳಗಿಟ್ಟು ಗೋಡೆಯ ಕಡೆ ತಿರುಗಿಕೊಂಡರು. ಅವರ ಹೆಗಲು ಅಲುಗುತ್ತಿತ್ತು.

ಮಧ್ಯಾಹ್ನ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಕುಕ್ಕರ್ ಇತ್ತು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಬಿಸಿಲಲ್ಲಿ ನಡೆದು ಬಂದಿದ್ದರು, ಬರಿಗೈಲಿ ಹೋಗಲು ಮನಸ್ಸಿಲ್ಲ. ಸೆರಗು ಸರಿಸಿ ರವಿಕೆ ತೋರಿಸಿ, "ಹೋಗ್ಲಿ ಬುಡಿ. ಈ ಜಾಕೀಟೂ ತೋಳತ್ರ ಲೂಸಾಗಿದೆ. ಇದನ್ನಾದ್ರೂ ಟೈಟ್ ಮಾಡ್ಕೊಡಿ," ಅಂದರು.

ಆ ತಿಂಗಳು ಮೈಕಿನಿಂದ ಬಂದ ಗಿರಾಕಿ ಅವರೊಬ್ಬರೇ.

ಮಾಸ್ಟರ ಬಾಯಿ

ಪ್ರಚಾರ ಹೇಗೇ ಮಾಡಿದರೂ ಬಂದವರನ್ನು ಉಳಿಸಿಕೊಳ್ಳಬೇಕಲ್ಲ. ನಮ್ಮ ಮಾಸ್ಟರ ಬಾಯಿಗೆ ಸುಳ್ಳು ಬರುತ್ತಿರಲಿಲ್ಲ. ಒಬ್ಬಾಕೆ ಫೋನಿನಲ್ಲಿ ಒಂದು ಗೌನಿನ ಚಿತ್ರ ತೋರಿಸಿ, "ಇದು ನನಗೆ ಒಪ್ಪುತ್ತಾ ಮಾಸ್ಟ್ರೇ?" ಅಂತ ಆಸೆಯಿಂದ ಕೇಳಿದರು. ಮಾಸ್ಟರು ಚಿತ್ರ ನೋಡಿದರು, ಅವರನ್ನು ನೋಡಿದರು, "ಇಲ್ಲಮ್ಮಾ" ಅಂದರು. ಆಕೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ನಾನು ಮಾಸ್ಟರನ್ನು ಕೂರಿಸಿಕೊಂಡು, "ನೋಡಿ, ಗಿರಾಕಿಗಳಿಗೆ ಇಲ್ಲ ಅನ್ನೋ ಮಾತೇ ಹೇಳಬೇಡಿ. ಏನು ಕೇಳಿದ್ರೂ ನಗ್ತಾ ಹೂಂ ಅನ್ನಿ. ಮಾರ್ಕೆಟಿಂಗ್ ಅಂದ್ರೆ ಅದೇ," ಅಂತ ತಿಳಿಹೇಳಿದೆ. "ಸರಿ ಮೇಡಂ, ನೀವು ಹೇಳಿದ ಹಂಗೆ," ಅಂದರು.

ಮೂರ್ನಾಲ್ಕು ದಿನ ಕಳೆದ ಮೇಲೆ ಒಬ್ಬ ತಾಯಿ, ಹೊಲಿಯಲು ಕೊಟ್ಟಿದ್ದ ಮಗಳ ನಿಶ್ಚಿತಾರ್ಥದ ಬಟ್ಟೆ ಒಯ್ಯಲು ಬಂದರು. ಸಂಜೆಗೇ ಕಾರ್ಯಕ್ರಮ. ಬಟ್ಟೆ ನಾಳೆಗೆ ಅಂತ ನಾನು ತಿಳಿದಿದ್ದೆ, ಇವತ್ತಿಗೆ ಅಂತ ಅವರು ಹೇಳಿದ್ದರಂತೆ. ಅದಿನ್ನೂ ಥಾನಿನಲ್ಲೇ ಮಲಗಿತ್ತು, ಕತ್ತರಿಯ ಮುಖವನ್ನೂ ಕಂಡಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು, "ಮಾಸ್ಟ್ರೇ, ರೆಡಿ ಇದೆಯಾ?" ಅಂದರು.

ಮಾಸ್ಟರು ಹಲ್ಲೆಲ್ಲ ಕಾಣುವಂತೆ ನಕ್ಕು, "ಹೂಂ ಅಮ್ಮಾ, ಇದೆ!" ಅಂದರು.

"ಕೊಡಿ ಮತ್ತೆ."

"ಹೂಂ!"

"ಎಲ್ಲಿ?"

ಮಾಸ್ಟರು ಅದೇ ನಗು ಹೊತ್ತುಕೊಂಡು ನನ್ನ ಕಡೆ ತಿರುಗಿದರು. "ಇನ್ಮುಂದೆ ಮಾರ್ಕೆಟಿಂಗ್ ನೀವು ಮಾಡಿ ಮೇಡಂ."

ಅವತ್ತು ಇಬ್ಬರೂ ಊಟ ಬಿಟ್ಟು ಹೊಲಿದೆವು. ಆ ತಾಯಿ ಎದುರಿಗೇ ಕುರ್ಚಿ ಹಾಕಿಕೊಂಡು, ಕೊನೆಯ ಗುಂಡಿ ಕೂರುವವರೆಗೂ ಕದಲಲಿಲ್ಲ.

ರೀಲ್ಸು

ಈಗಿನ ಕಾಲಕ್ಕೆ ರೀಲ್ಸೇ ಸರಿ ಅಂದರು ಎಲ್ಲರೂ. ಹತ್ತಿರದ ಪಿಜಿಯಲ್ಲಿದ್ದ ಒಬ್ಬ ಕಾಲೇಜು ಹುಡುಗಿ ಇದರಲ್ಲಿ ಜೋರಂತೆ. ಅವಳಿಗೆ ನನ್ನ ಅತ್ಯುತ್ತಮ ಲೆಹೆಂಗಾ ತೊಡಿಸಿ, ಅಂಗಡಿಯ ಮುಂದಿನ ಹೊಂಗೆ ಮರದ ಕೆಳಗೆ ನಿಲ್ಲಿಸಿದೆವು. ಅವಳು ಸುತ್ತಿದಳು, ನಕ್ಕಳು, ದುಪ್ಪಟ ಹಾರಿಸಿದಳು. ಲೆಹೆಂಗಾದ ಘೇರು ನಾನು ಕನಸಿನಲ್ಲಿ ಕಂಡ ಹಾಗೇ ಅರಳಿತು.

ವಿಡಿಯೋ ಹಾಕಿದ ಮಾರನೆಯ ದಿನ ಬೆಳಿಗ್ಗೆ ಅವಳ ಫೋನು, "ಅಕ್ಕಾ, ವೈರಲ್ ಆಗಿದೆ!" ಅಂತ. ತಕ್ಷಣ ತೆರೆದು ಜನ ಬರೆದದ್ದನ್ನು ಓದಿದೆ.

"ಅಯ್ಯೋ ಮುದ್ದು!" ಅಂತ ಒಬ್ಬರು. "ಆ ನೋಟ ನೋಡಿ, ಏನು ಗತ್ತು!" ಅಂತ ಇನ್ನೊಬ್ಬರು. "ಇದು ಯಾವ ತಳಿ?" ಅಂತ ಮೂರನೆಯವರು.

ತಳಿ? ವಿಡಿಯೋವನ್ನು ಮತ್ತೆ ನೋಡಿದೆ. ಹುಡುಗಿಯ ಹಿಂದೆ, ಮರಳಿನ ರಾಶಿಯ ಮೇಲೆ, ನಮ್ಮ ಬೀದಿಯ ಕೆಂಚು ನಾಯಿ ಕಾಲ ಮೇಲೆ ಕಾಲು ಹಾಕಿ ಮಹಾರಾಜನ ಹಾಗೆ ಒರಗಿತ್ತು. ಅವಳು ಸುತ್ತಿದಾಗಲೆಲ್ಲ ಅದು ಒಂದೊಂದು ಸಲ ಆಕಳಿಸುತ್ತಿತ್ತು.

ಮನೆಗೆ ಬಂದು ಅತ್ತೆಗೆ ತೋರಿಸಿದೆ. ನಮ್ಮತ್ತೆ ಹಿನಕಲ್‌ನವರು. ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲೇ ರಾಗಿ ಬೆಳೆದವರು. ಕನ್ನಡಕ ಏರಿಸಿ ಕೊನೆಯವರೆಗೂ ನೋಡಿದರು. ನನಗೆ ಸಮಾಧಾನ ಹೇಳಬೇಕು ಅನ್ನಿಸಿರಬೇಕು.

"ಬೇಜಾರು ಮಾಡ್ಕೊಬ್ಯಾಡ ಕಣವ್ವ. ಮುಂದಿನ್ ಸಲ ಬಟ್ಟೇನ ಆ ನಾಯಿಗೇ ಹಾಕ್ಬುಡು."

ರ‍್ಯಾಂಪು

ಯುಗಾದಿ ಹತ್ತಿರ ಬಂತು. ನನ್ನವರು ಏನೂ ಕೇಳುತ್ತಿರಲಿಲ್ಲ, ನಾನೇ ರಾತ್ರಿ ಊಟಕ್ಕೆ ಕೂತಾಗ ಅವರ ಮುಖ ನೋಡುವುದನ್ನು ಬಿಟ್ಟಿದ್ದೆ. ಅಂಥ ಹೊತ್ತಿನಲ್ಲಿ ಬಡಾವಣೆಯ ಸಂಘದವರು ವಾರ್ಷಿಕೋತ್ಸವದಲ್ಲಿ ನನಗೆ ಅರ್ಧ ಗಂಟೆ ಕೊಟ್ಟರು. ಫ್ಯಾಷನ್ ಶೋ ಮಾಡಿ ಅಂದರು. ಇದೊಂದೇ ಉಳಿದಿರುವುದು ಅಂತ ನನಗೂ ಮಾಸ್ಟರಿಗೂ ಗೊತ್ತಿತ್ತು. ಬಡಾವಣೆಯ ಹೆಣ್ಣುಮಕ್ಕಳನ್ನೇ ಒಪ್ಪಿಸಿ, ಶಾಮಿಯಾನದವರ ಹಲಗೆ ಜೋಡಿಸಿ, ಮೇಲೆ ಕೆಂಪು ಜಮಖಾನ ಹಾಸಿ ರ‍್ಯಾಂಪು ಮಾಡಿದೆವು.

ನಿರೂಪಣೆಗೆ ಸಂಘದ ಹಿರಿಯರೊಬ್ಬರು ತಾವಾಗಿಯೇ ಮುಂದೆ ಬಂದರು. "ನಂಗೆ ಮೈಕ್ ಅಭ್ಯಾಸ ಇದೆಯಮ್ಮ, ನೀನು ಯೋಚನೆ ಮಾಡಬೇಡ," ಅಂದರು. ಒಳ್ಳೆಯ ಕಂಚಿನ ಕಂಠ. ಅವರು ನಿವೃತ್ತಿಯಾಗುವವರೆಗೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೊತ್ತು ಕೂಗುತ್ತಿದ್ದರು ಅನ್ನುವುದು ಮೈಕು ಹಿಡಿದ ಮೇಲೆಯೇ ನನಗೆ ತಿಳಿದದ್ದು.

"ಪ್ರೇಕ್ಷಕರ ಗಮನಕ್ಕೆ! ಹಸಿರು ಬಣ್ಣದ ಲೆಹೆಂಗಾ ಎಡಬಾಗಿಲಿನಿಂದ ಹೊರಟು, ವೇದಿಕೆಯ ಮಧ್ಯಭಾಗದ ಮಾರ್ಗವಾಗಿ, ಮುಂಭಾಗವನ್ನು ತಲುಪಲಿದೆ."

ಲೆಹೆಂಗಾ ತೊಟ್ಟವಳು ನಗು ತಡೆಯಲಾರದೆ ದಾರಿಯಲ್ಲೇ ಎರಡು ಸಲ ನಿಂತಳು. ಮುಂದಿನವಳ ಗೌನಿನ ಜಿಪ್ಪು ಸಿಕ್ಕಿಕೊಂಡಿತು. ನಾನೂ ಮಾಸ್ಟರೂ ಪರದೆಯ ಹಿಂದೆ ಬೆವರು ಸುರಿಸುತ್ತಿದ್ದರೆ ಹೊರಗಿನಿಂದ ಕೇಳಿಸಿತು: "ಕೆಂಪು ಗೌನು ತಾಂತ್ರಿಕ ಕಾರಣಗಳಿಂದ ತಡವಾಗಿ ಹೊರಡಲಿದೆ. ತಮಗಾದ ಅಡಚಣೆಗಾಗಿ ವಿಷಾದಿಸುತ್ತೇವೆ."

ಕೊನೆಯ ಉಡುಪೇ ನನ್ನ ಜೀವ. ಸೀರೆಯ ಮೇಲೆ ತೊಡುವ ಉದ್ದನೆಯ, ತೋಳಿಲ್ಲದ ಕೈಮಗ್ಗದ ಕೋಟು. ಎರಡೂ ಪಕ್ಕಕ್ಕೆ ಆಳವಾದ ಜೇಬು. ಅದನ್ನು ತೊಡಬೇಕಾಗಿದ್ದ ಹುಡುಗಿ ಫೋನು ಮಾಡಿ, "ಸಾರಿ ಅಕ್ಕ, ನಾಳೆ ಪರೀಕ್ಷೆ," ಅಂದಳು. ನಾನು ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟೆ. ಆಗ ನಮಗೆ ಕಾಫಿ ಕೊಡಲು ಫ್ಲಾಸ್ಕು ಹಿಡಿದು ಅತ್ತೆ ಒಳಗೆ ಬಂದರು. ಮಾಸ್ಟರು ಅವರನ್ನು ನೋಡಿದರು. ನಾನೂ ನೋಡಿದೆ.

"ಅತ್ತೆ, ಇದನ್ನ ಹಾಕ್ಕೊಂಡು ಹಿಂಗೆ ಹೋಗಿ ಹಂಗೆ ಬಂದ್ಬಿಡಿ."

"ಥೂ! ಈ ವಯಸ್ಸಲ್ಲಿ ನಂಗ್ಯಾಕವ್ವ ಇವೆಲ್ಲಾ?" ಅಂದವರು ನನ್ನ ಮುಖ ಕಂಡು ಫ್ಲಾಸ್ಕು ಕೆಳಗಿಟ್ಟರು. "ಕೊಡು ಇತ್ಲಾಗೆ. ಮುಖ ಅಂಗೆ ಮಾಡ್ಕೊಬ್ಯಾಡ."

ಸೊಂಟದಲ್ಲಿದ್ದ ಎಲೆ ಅಡಿಕೆ ಸಂಚಿಯನ್ನು ಒಂದು ಜೇಬಿಗೆ, ಸುಣ್ಣದ ಡಬ್ಬಿಯನ್ನು ಇನ್ನೊಂದಕ್ಕೆ ಹಾಕಿಕೊಂಡು ಹೊರಟರು. ಬಸ್ಸು ತಪ್ಪಿಹೋಗುತ್ತದೆ ಅನ್ನುವ ಹಾಗೆ ದಾಪುಗಾಲು. ಕೋಟು ಹಿಂದೆ ರೆಕ್ಕೆಯ ಹಾಗೆ ಹಾರಿತು. ಜನ ಚಪ್ಪಾಳೆ ತಟ್ಟಿದರು. ರ‍್ಯಾಂಪಿನ ತುದಿ ತಲುಪಿದರು. ತಿರುಗಬೇಕು, ತಿರುಗಲಿಲ್ಲ. ಮುಂದಿನ ಸಾಲಿನಲ್ಲಿ ಅವರ ಊರಿನ ಗೆಳತಿಯೊಬ್ಬರು ಕೂತಿದ್ದರು.

"ಏ, ನೀನ್ಯಾವಾಗ ಬಂದ್ಯೇ?" ಅಂತ ಅತ್ತೆ ಅಲ್ಲೇ ರ‍್ಯಾಂಪಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ಈ ಜೇಬಿನಿಂದ ಎಲೆ ಬಂತು, ಆ ಜೇಬಿನಿಂದ ಸುಣ್ಣ ಬಂತು. ನಿಧಾನಕ್ಕೆ ಮಡಿಸಿ ಗೆಳತಿಗೊಂದು ಕೊಟ್ಟು ತಾವೊಂದು ಬಾಯಿಗಿಟ್ಟರು.

ಮೈಕು ಒಮ್ಮೆ ಗಂಟಲು ಸರಿಮಾಡಿಕೊಂಡಿತು.

"ಪ್ರೇಕ್ಷಕರ ಗಮನಕ್ಕೆ. ಕೊನೆಯ ಕೋಟು... ಕಾಫಿ ತಿಂಡಿಗಾಗಿ ಇಲ್ಲಿ ಹತ್ತು ನಿಮಿಷ ನಿಲ್ಲಲಿದೆ."

ನಗೆ ಶಾಮಿಯಾನವನ್ನೇ ಎತ್ತಿತು. ನಾನು ಪರದೆಯಲ್ಲಿ ಮುಖ ಮುಚ್ಚಿಕೊಂಡೆ, ಎಲ್ಲ ಮುಗಿಯಿತು ಅಂದುಕೊಂಡೆ. ಬೆರಳ ಸಂದಿಯಿಂದ ನೋಡಿದರೆ ಹೆಂಗಸರು ಎದ್ದು ಎದ್ದು ಅತ್ತೆಯ ಸುತ್ತ ಸೇರುತ್ತಿದ್ದಾರೆ! ಒಬ್ಬರು ಜೇಬಿನೊಳಗೆ ಮೊಣಕೈವರೆಗೆ ಕೈ ಇಳಿಸಿ ನೋಡುತ್ತಿದ್ದಾರೆ. "ಸೀರೆಗೆ ಜೇಬು! ಎಲ್ಲಿ ಹೊಲಿಸಿದ್ದು ಇದು? ಯಾರು?" ಅತ್ತೆಯ ಬಾಯಿ ತುಂಬ ಎಲೆ ಅಡಿಕೆ. ಮಾತಾಡಲಾಗದೆ ಪರದೆಯ ಕಡೆ ಕೈ ತೋರಿಸಿದರು. ಅಷ್ಟೂ ಜನ ನನ್ನ ಕಡೆ ನುಗ್ಗಿದರು.

"ಪ್ರಯಾಣಿಕರ ಗಮನಕ್ಕೆ! ನೂಕುನುಗ್ಗಲು ಬೇಡ! ಹೆಚ್ಚುವರಿ ಕೋಟುಗಳ ವ್ಯವಸ್ಥೆ ಮಾಡಲಾಗಿದೆ!"

ಎಲ್ಲಿಯ ವ್ಯವಸ್ಥೆ? ಇದ್ದದ್ದೇ ಅದೊಂದು. ಇವತ್ತು ನನ್ನ ಅಂಗಡಿ ನಡೆಯುತ್ತಿರುವುದು ಆ ಸಂಜೆ ಬಂದ ಗಿರಾಕಿಗಳಿಂದ, ಆದರೆ ಆಗ ಅವರಿಗೆ ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಗುಂಪು ಸೀಳಿಕೊಂಡು ಅತ್ತೆಯ ಹತ್ತಿರ ಓಡಿದೆ.

"ಅತ್ತೆ, ಬೇಗ ಬಿಚ್ಕೊಡಿ, ಎಲ್ಲರೂ ನೋಡ್ಬೇಕಂತೆ!"

ಅತ್ತೆ ಎರಡೂ ಕೈಯನ್ನು ಜೇಬಿಗಿಳಿಸಿ ಭದ್ರವಾಗಿ ಕೂತರು. ಬಾಯಿ ಓರೆ ಮಾಡಿ ಹೇಳಿದರು:

"ಇದ್ಯಾಕೆ ಬಿಚ್ಲಿ? ಇದು ನಂದು. ಅವ್ರಿಗೆ ಬೇರೆ ಹೊಲ್ಕೊಡು ಓಗು."