ದೊಡ್ಡವ್ವನ ಜೀಪಿಗೆ ಹೈಡ್ರಾಲಿಕ್ ಕೂಡಿಸಿದ್ದು

ಯಂತ್ರಗಳಲ್ಲಿ ಕೈಯಿಟ್ಟು ಕೆಲಸ ಮಾಡುವವರಿಗೆ ಯಂತ್ರವೆಂದರೆ ಸ್ವಲ್ಪ ಭಯವಿರುತ್ತದೆ. ಯಂತ್ರಗಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತವರಿಗೆ ಅದು ಇರುವುದಿಲ್ಲ. ನಾನು ಕುರ್ಚಿಯವನು. ಸಂಡೂರಿನ ಬೆಟ್ಟದ ಮೇಲಿನ ಒಂದು ಗಣಿಯ ಸ್ಟೋರಿನಲ್ಲಿ ಗುಮಾಸ್ತನಾಗಿದ್ದ ನನಗೆ ಬಿಡಿಭಾಗಗಳ ನಂಬರುಗಳೆಲ್ಲ ಬಾಯಿಪಾಠವಾಗಿದ್ದವು. ಡಂಪರಿನ ಬ್ರೇಕಿನ ವಾಷರು ಯಾವ ಕಪಾಟಿನ ಎಷ್ಟನೆಯ ಖಾನೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅದು ಡಂಪರಿನ ಯಾವ ಜಾಗದಲ್ಲಿ ಕೂರುತ್ತದೆ ಎಂದು ಯಾರೂ ಕೇಳದ ಕಾರಣ ಮರ್ಯಾದೆ ಉಳಿದಿತ್ತು. ನೆಂಟರು ನನ್ನನ್ನು "ಇವ ಮಷೀನ್ ಲೈನಿನಾಗ ಅದಾನ" ಎಂದು ಪರಿಚಯಿಸುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಹೆಂಡತಿ ಸರೋಜಾ ಸ್ಟೋವಿನ ಪಿನ್ನು ನನ್ನ ಕೈಗೆ ಸಿಗದಂತೆ ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದಳು.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ, ಪಾರ್ವತಮ್ಮ. ಕಂಪ್ಲಿಯ ಹತ್ತಿರ ಕಾಲುವೆಯ ನೀರಿನಲ್ಲಿ ಬಾಳೆ, ಕಬ್ಬು, ಭತ್ತ ಬೆಳೆಯುತ್ತಿದ್ದಳು. ದೊಡ್ಡಪ್ಪ ಹರಾಜಿನಲ್ಲಿ ಹಿಡಿದು ತಂದಿದ್ದ ಹಳೆಯ ಜೀಪೊಂದಿತ್ತು. ಅವನು ತೀರಿಕೊಂಡ ಮೇಲೆ ಅದು ಕೊಟ್ಟಿಗೆಯಲ್ಲಿ ನಿಂತಿತು, ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡತೊಡಗಿದವು. ನಲವತ್ತೆಂಟರ ವಯಸ್ಸಿನ ದೊಡ್ಡವ್ವ ಒಂದು ಬೆಳಿಗ್ಗೆ ಕೋಳಿಗಳನ್ನು ಕೆಳಗಿಳಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುಯಿಲು ಮುಗಿದ ಗದ್ದೆಯಲ್ಲಿ ತಾನೇ ಓಡಿಸಿ ಕಲಿತಳು. ಆ ಗದ್ದೆಯಲ್ಲಿ ಡಿಕ್ಕಿ ಹೊಡೆಯಲು ಒಂದು ಬೇವಿನ ಮರದ ಹೊರತು ಏನೂ ಇರಲಿಲ್ಲ. ಅದಕ್ಕೂ ಎರಡೇ ಸಲ ಹೊಡೆದಳು. ಆಮೇಲೆ ಗೊಬ್ಬರದ ಚೀಲ, ಆಳುಗಳ ಬುತ್ತಿ, ಹೆರಿಗೆ ನೋವು ಬಂದ ಹೆಂಗಸರು, ಎಲ್ಲವೂ ಅವಳ ಜೀಪಿನಲ್ಲೇ ಹೋಗುವಂತಾಯಿತು. ಮೊದಲು ನಕ್ಕವರು ಒಬ್ಬೊಬ್ಬರಾಗಿ ಜೀಪು ಹತ್ತಿದರು.

ಆದರೆ ಆ ಜೀಪಿನ ಸ್ಟೇರಿಂಗ್ ಗಾಣದಷ್ಟು ಭಾರ. ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ದಂಡೆಯ ದಾರಿಯೆಲ್ಲ ಕೆಸರು. ಗಾಡಿಗಳ ಗಾಲಿ ಕೊರೆದ ಗುಂಡಿಗೆ ಜೀಪಿನ ಮುಂಚಕ್ರ ಬಿದ್ದರೆ ಆ ಪೆಟ್ಟು ನೇರವಾಗಿ ಕೈಗೇ ಬರುತ್ತಿತ್ತು. ಒಂದು ದಿನ ಹಾಗೇ ಆಯಿತು. ಸ್ಟೇರಿಂಗ್ ತಟ್ಟನೆ ತಾನೇ ತಿರುಗಿ, ಒಳಗೆ ಸಿಕ್ಕ ಹೆಬ್ಬೆರಳಿನ ಜೊತೆಗೆ ಮಣಿಕಟ್ಟನ್ನೂ ಮುರಿಯಿತು. ಹೊಸಪೇಟೆಯಲ್ಲಿ ಪ್ಲಾಸ್ಟರ್ ಹಾಕಿಸಿ, ಅದೇ ಊರಿನ ನಮ್ಮ ಮನೆಯಲ್ಲಿ ಉಳಿಸಿಕೊಂಡೆವು.

ನೋಡಲು ಬಂದ ಅವಳ ಮೈದುನ ವೀರಣ್ಣ, "ಅತ್ತಿಗಿ, ಇನ್ನ ಸಾಕು ಮಾಡ್ರಿ. ಜೀಪು ನನ್ನ ಹಂತ್ಯಾಕ ಇರಲಿ. ಎಲ್ಲಿಗರ ಹೋಗೋದಿದ್ರ ಹೇಳಿ ಕಳಸ್ರಿ, ನಾ ಕರಕೊಂಡು ಹೋಗ್ತೀನಿ" ಎಂದ.

ವೀರಣ್ಣ ಕೆಟ್ಟವನಲ್ಲ. ಒಳ್ಳೆಯದಕ್ಕೆಂದೇ ಹೇಳಿದ. ದೊಡ್ಡವ್ವ ಪ್ಲಾಸ್ಟರನ್ನು ನೋಡುತ್ತ ಸುಮ್ಮನೆ ಕೂತಳು. ಜೀಪು ಕಲಿತ ಮೇಲೆ ಹನ್ನೊಂದು ವರ್ಷ ಯಾರಿಗೂ ಹೇಳಿ ಕಳಿಸದೆ ಬದುಕಿದ ಹೆಂಗಸು. ಅವಳು ಬೈದಿದ್ದರೆ ನಾನು ಪೇಪರು ಓದುತ್ತ ಇದ್ದುಬಿಡುತ್ತಿದ್ದೆ. ಸುಮ್ಮನಿದ್ದದ್ದನ್ನು ತಡೆಯಲಾಗಲಿಲ್ಲ.

"ಅದಕ್ಕ ಹೈಡ್ರಾಲಿಕ್ ಕುಂದ್ರಸಬಹುದು, ದೊಡ್ಡವ್ವ" ಎಂದುಬಿಟ್ಟೆ. "ಎಣ್ಣಿ ಒತ್ತಡದ್ಲೆ ಚಕ್ರ ತಿರಗತಾವ. ಕೈಗೆ ಪೆಟ್ಟು ಬರಂಗಿಲ್ಲ."

ಅವಳು ತಲೆ ಎತ್ತಿದಳು. "ನೀ ಕುಂದ್ರಸ್ತಿಯೇನು?"

"ಕುಂದ್ರಸ್ತೀನಿ."

ಒಳಗಿನಿಂದ ಸರೋಜಾ ಪಾತ್ರೆ ಇಟ್ಟ ಸದ್ದು ಸ್ವಲ್ಪ ಜೋರಾಗಿಯೇ ಕೇಳಿತು. ಅವತ್ತು ರೊಟ್ಟಿ ಬಡಿಸುವಾಗ, "ಆಕಿ ನಿಮ್ಮನ್ನ ನಂಬ್ಯಾಳ. ನೆನಪಿರಲಿ" ಎಂದಳು. ಬೈಗುಳವಾಗಿದ್ದರೆ ರೊಟ್ಟಿ ಸಲೀಸಾಗಿ ಇಳಿಯುತ್ತಿತ್ತು.

ನನ್ನ ಪುಣ್ಯಕ್ಕೆ ಹೊಸಪೇಟೆಯಲ್ಲಿ ಖಾದರ್ ಸಾಬರು ಇದ್ದರು. ಲಾರಿಗಳ ಸ್ಟೇರಿಂಗ್ ಕೆಲಸದಲ್ಲಿ ಕೂದಲು ಬೆಳ್ಳಗಾದ ಮೆಕ್ಯಾನಿಕ್. ಅವರು ಗುಜರಿಯಿಂದ ಒಂದು ದೊಡ್ಡ ಗಾಡಿಯ ಪವರ್ ಸ್ಟೇರಿಂಗಿನ ಪಂಪು, ಬಾಕ್ಸು ಮತ್ತು ಮೊಣಕೈಯುದ್ದದ ಒಂದು ಸಿಲಿಂಡರು ಹುಡುಕಿ ತಂದರು. ಎಂಜಿನ್ನಿನ ಬೆಲ್ಟಿನಿಂದ ಪಂಪು ತಿರುಗಬೇಕು. ಸ್ಟೇರಿಂಗನ್ನು ಯಾವ ಕಡೆ ತಿರುಗಿಸುತ್ತೇವೋ ಆ ಕಡೆಗೆ ಎಣ್ಣೆ ನುಗ್ಗಿ, ಎರಡು ಮುಂಚಕ್ರಗಳನ್ನು ಜೋಡಿಸುವ ಕಂಬಿಯನ್ನು ಸಿಲಿಂಡರು ತಳ್ಳಬೇಕು. ಇಷ್ಟೇ ವಿಷಯ. "ಲಾರಿಗೆ ಮಾಡೀನಿ ಸಾರ್, ಜೀಪಿಗೆ ಹಿಂಗ ಸಿಲಿಂಡರ್ ಹಾಕಿಲ್ಲ" ಎಂದರು ಖಾದರ್ ಸಾಬರು. ನಮ್ಮ ಗಣಿ ಬಿಟ್ಟುಹೋದ ಎಂಜಿನಿಯರೊಬ್ಬರು ನನಗೆ ಕೊಟ್ಟಿದ್ದ ಇಂಗ್ಲಿಷ್ ಪುಸ್ತಕದಲ್ಲಿ ಇದರ ಚಿತ್ರವೇ ಇತ್ತು. ಹೀಗಾಗಿ ನಾನು ಓದುವುದು, ಅವರು ಮಾಡುವುದು ಎಂದಾಯಿತು.

ಜೀಪನ್ನು ಅವರ ಗ್ಯಾರೇಜಿಗೆ ತರಿಸಿದೆ. ಮೂರು ಭಾನುವಾರ ಕೆಲಸ ನಡೆಯಿತು. ಖಾದರ್ ಸಾಬರು ಜೀಪಿನ ಕೆಳಗೆ ಮಲಗಿ ಬೆಸುಗೆ ಹಾಕುತ್ತಿದ್ದರು. ನಾನು ಬಾನೆಟ್ಟಿನ ಎದುರು ಇಸ್ತ್ರಿ ಅಂಗಿ ತೊಟ್ಟು ನಿಂತು, "ಎಡಗಡೆ ಪೈಪು ಇಲ್ಲಿಗೆ, ಬಲಗಡೆ ಪೈಪು ಅಲ್ಲಿಗೆ" ಎಂದು ಪೆನ್ಸಿಲಿನಿಂದ ತೋರಿಸುತ್ತಿದ್ದೆ. ಚಹಾ ಕುಡಿಯಲು ಬಂದ ಲಾರಿಯವರು ನನಗೆ ನಮಸ್ಕಾರ ಮಾಡಿ ಹೋಗುತ್ತಿದ್ದರು. ನಾನು ತಲೆಯಾಡಿಸುವುದನ್ನು ಆಗ ಚೆನ್ನಾಗಿ ಕಲಿತೆ.

ನಾಲ್ಕನೆಯ ಭಾನುವಾರ ಪರೀಕ್ಷೆ. ಪ್ಲಾಸ್ಟರ್ ಬಿಚ್ಚಿಸಿಕೊಂಡ ದೊಡ್ಡವ್ವ ಸ್ಟೂಲಿನ ಮೇಲೆ ಕೂತಿದ್ದಳು. ಕೈ ಸಣ್ಣಗಾಗಿತ್ತು, ಮುಷ್ಟಿ ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ವೀರಣ್ಣನೂ ಬಂದಿದ್ದ. ಮುಂಭಾಗವನ್ನು ಜಾಕಿನ ಮೇಲೆ ಎತ್ತಿ, ಎಣ್ಣೆ ತುಂಬಿ, ಖಾದರ್ ಸಾಬರು ಎಂಜಿನ್ ಚಾಲೂ ಮಾಡಿ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರು. ಅದು ತಿರುಗಲಿಲ್ಲ. ಕಂಬಿಯ ಆ ತುದಿಯಲ್ಲಿ ಇನ್ನೊಬ್ಬರು ಹಿಡಿದು ಎಳೆಯುತ್ತಿದ್ದಾರೇನೋ ಎಂಬಂತೆ ಎದುರು ಬಿತ್ತು. ಇನ್ನಷ್ಟು ಜಗ್ಗಿದರು. ಮುಂಭಾಗವೆಲ್ಲ ನಡುಗಿ, ಪೈಪಿನ ಒಂದು ಜೋಡಣೆ ಬಿಚ್ಚಿಕೊಂಡು, ಎಣ್ಣೆ ಚಿಮ್ಮಿ ನನ್ನ ಅಂಗಿಯ ಮೇಲೆ ಬಿತ್ತು. ಪುಸ್ತಕವನ್ನೂ ಬಿಡಲಿಲ್ಲ.

ಎಂಜಿನ್ ನಿಂತಿತು. "ಮೊದಲಿಗಿಂತ ಭಾಳ ಭಾರ ಆಗೇದ" ಎಂದರು ಖಾದರ್ ಸಾಬರು. ವೀರಣ್ಣ ನನ್ನ ಕೈಗೆ ತನ್ನ ಟವೆಲು ಕೊಟ್ಟ. ನಾನು ಮುಖ ಒರೆಸಿಕೊಳ್ಳುತ್ತ ದೊಡ್ಡವ್ವನ ಕಡೆ ನೋಡದೆ, ಪಂಪಿನ ಒತ್ತಡದ ಬಗ್ಗೆ, ವಿದೇಶಿ ಎಣ್ಣೆಯ ಗುಣದ ಬಗ್ಗೆ ಏನೇನೋ ಹೇಳಿದೆ. ಹೇಳುತ್ತಿದ್ದಾಗಲೇ ಗೊತ್ತಾಗುತ್ತಿತ್ತು, ಅದರಲ್ಲಿ ಒಂದಕ್ಷರವೂ ನನಗೆ ತಿಳಿದಿಲ್ಲ ಎಂದು. ಆ ಸಂಕಟವನ್ನು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

ದೊಡ್ಡವ್ವ ಎದ್ದು ಬಂದು ಡ್ರೈವರಿನ ಸೀಟು ಹತ್ತಿ ಕೂತಳು.

"ಶೇಖ್ರಾ, ಎಡಗಡೆ ಪೈಪು ಯಾವುದು, ತೋರಸು."

ಬಾನೆಟ್ಟಿನ ಎದುರು ನಿಂತು ತೋರಿಸಿದೆ.

"ನನಗ ಅದು ಬಲಗಡೆ ಐತಿ" ಎಂದಳು.

ಖಾದರ್ ಸಾಬರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. ಪುಸ್ತಕ ಎಡ ಎಂದದ್ದು ಗಾಡಿಯಲ್ಲಿ ಕೂತವನ ಎಡ. ನಾನು ಹೇಳಿದ್ದು ಎದುರು ನಿಂತ ನನ್ನ ಎಡ. ಸ್ಟೇರಿಂಗ್ ಒಂದು ಕಡೆ, ಸಿಲಿಂಡರು ಇನ್ನೊಂದು ಕಡೆ ಎಳೆಯುವ ಹಾಗೆ ಮೂರು ಭಾನುವಾರ ಕಷ್ಟಪಟ್ಟು ಜೋಡಣೆ ಮಾಡಿಸಿದ್ದೆ. "ನನ್ನ ತಪ್ಪೂ ಐತ್ರಿ ಅಮ್ಮಾ, ಸಾರ್ ಓದತಾರಂತ ನಾ ತಲಿ ಓಡಸಲಿಲ್ಲ" ಎಂದು ಆ ದೊಡ್ಡ ಮನುಷ್ಯ ತಪ್ಪಿನಲ್ಲಿ ಪಾಲು ತೆಗೆದುಕೊಂಡರು. ಪೈಪುಗಳನ್ನು ಅದಲು ಬದಲು ಮಾಡಿ, ಬಿಚ್ಚಿದ ಜೋಡಣೆಯನ್ನು ಬಿಗಿದರು.

ಇನ್ನು ಎಣ್ಣೆಯೊಳಗೆ ಸಿಕ್ಕ ಗಾಳಿಯನ್ನು ಹೊರಗೆ ಹಾಕಬೇಕಿತ್ತು. ಅದಕ್ಕೆ ಎಂಜಿನ್ ಸಣ್ಣಗೆ ಓಡುತ್ತಿರುವಾಗ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಮೆಲ್ಲಗೆ ತಿರುಗಿಸುತ್ತ ಹೋಗಬೇಕು. "ನಾನ ಮಾಡ್ತೀನಿ" ಎಂದಳು ದೊಡ್ಡವ್ವ. ಮೊದಲು ಪಂಪು ಹೊಟ್ಟೆನೋವು ಬಂದ ಎಮ್ಮೆಯ ಹಾಗೆ ನರಳಿತು, ಎಣ್ಣೆಯ ಡಬ್ಬಿಯಲ್ಲಿ ನೊರೆ ಉಕ್ಕಿತು. ಅವಳು ಅವಸರ ಮಾಡದೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿಸಿದಳು. ನೊರೆ ಇಳಿಯಿತು. ನರಳಾಟ ನಿಂತಿತು. ಜಾಕ್ ಇಳಿಸಿ ಚಕ್ರಗಳು ನೆಲ ಮುಟ್ಟಿದ ಮೇಲೆ, ಆ ಸಣ್ಣಗಾದ ಕೈಯನ್ನು ಚಾಚಿ ಎರಡೇ ಬೆರಳಲ್ಲಿ ತಿರುಗಿಸಿದಳು. ಮಣ್ಣಿನ ಮೇಲೆ ಚಕ್ರಗಳು ಹೊರಳಿದವು. ಅವಳು ಇನ್ನೊಮ್ಮೆ ಆ ಕೊನೆಯ ತನಕ ತಿರುಗಿಸಿ ನೋಡಿದಳು.

"ವೀರಣ್ಣ, ಹತ್ತು. ಊರಿಗೆ ಹೋಗೂಣು" ಎಂದಳು ಆಮೇಲೆ.

ವೀರಣ್ಣ ಹತ್ತಿದ. ನಾನು ಹಿಂದೆ ಕೂತೆ. ಹೊಸಪೇಟೆ ದಾಟುವ ತನಕ ಜೀಪು ರಸ್ತೆಯ ಎರಡೂ ಅಂಚುಗಳನ್ನು ವಿಚಾರಿಸಿಕೊಂಡು ಹೋಯಿತು, ಅವಳಿಗೆ ಆ ಹಗುರದ ರೂಢಿಯಿರಲಿಲ್ಲ. ಕಾಲುವೆಯ ದಂಡೆಗೆ ಬರುವಷ್ಟರಲ್ಲಿ ಕೈ ಹದಕ್ಕೆ ಬಂತು. ಗುಂಡಿಗಳಲ್ಲಿ ಜೀಪು ಕುಲುಕಿತು, ನಾವೆಲ್ಲ ಕುಲುಕಿದೆವು, ಸ್ಟೇರಿಂಗ್ ಮಾತ್ರ ಅವಳ ಕೈಯಲ್ಲಿ ಅಲುಗದೆ ನಿಂತಿತು. ಅರ್ಧ ದಾರಿಯಲ್ಲಿ ವೀರಣ್ಣ, "ಅತ್ತಿಗಿ, ನಾಳೆ ನನ್ನ ಬಾಳಿಗೊನಿ ಕಂಪ್ಲಿಗೆ ಒಯ್ಯೂದೈತ್ರಿ. ಬರ್ತೀರೇನು?" ಎಂದು ಕೇಳಿದ. "ನೋಡೂಣು, ಹೇಳಿ ಕಳಸು" ಎಂದಳು ದೊಡ್ಡವ್ವ.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಿತು ಎಂದುಕೊಂಡಿದ್ದೆ. ಸ್ಟೇರಿಂಗ್ ಹಗುರಾದ ಮೇಲೆ ದೊಡ್ಡವ್ವನಿಗೆ ಕಂಪ್ಲಿಯಿಂದ ಹೊಸಪೇಟೆ ಪಕ್ಕದ ಓಣಿಯಷ್ಟು ಹತ್ತಿರವಾಯಿತು. ಪ್ರತಿ ಭಾನುವಾರ ನಾನು ಹಲ್ಲುಜ್ಜುವ ಮೊದಲೇ ಬಾಗಿಲಲ್ಲಿ ಜೀಪಿನ ಹಾರ್ನ್ ಕೂಗುತ್ತದೆ. "ಬಾ ಶೇಖ್ರಾ, ಬಾಳಿಗೆ ನೀರು ಕಟ್ಟೂದೈತಿ. ಆಳುಗಳು ಸಿಗವಲ್ರು" ಎನ್ನುತ್ತಾಳೆ. ಸರೋಜಾ ಬುತ್ತಿ ಕಟ್ಟಿ ಸಿದ್ಧವಾಗಿಟ್ಟಿರುತ್ತಾಳೆ. ನಾನು ಮೊಣಕಾಲುದ್ದ ಕೆಸರಲ್ಲಿ ನಿಂತು, ಬೊಬ್ಬೆ ಬಂದ ಅಂಗೈಯಲ್ಲಿ ಗುದ್ದಲಿ ಎತ್ತಿ ಎತ್ತಿ ಹಾಕುತ್ತೇನೆ. ಎಣ್ಣೆ ಕುಡಿದ ಆ ಇಂಗ್ಲಿಷ್ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ತಿರುವಿ ಹಾಕಿದ್ದೇನೆ. ಗುದ್ದಲಿಗೆ ಹೈಡ್ರಾಲಿಕ್ ಕೂಡಿಸುವ ವಿಷಯ ಅದರಲ್ಲಿ ಎಲ್ಲಿಯೂ ಇಲ್ಲ.