ಹಿಂದಿನ ಚಕ್ರದ ಹಿಂಬಾಲಕರು

ಚೆನ್ನರಾಯಪ್ಪನವರಿಗೆ ಅನುಮಾನವೆಂಬುದು ಹುಟ್ಟುಗುಣ. ಕ್ಷೌರ ಮಾಡಿಸಿಕೊಂಡರೆ ಎರಡೂ ಕಿವಿಗಳನ್ನು ಮುಟ್ಟಿ ನೋಡಿಕೊಂಡೇ ಮೇಲೇಳುವರು. ದರ್ಜಿಗೆ ಬಟ್ಟೆ ಕೊಟ್ಟರೆ ಉಳಿದ ಚೂರುಗಳನ್ನೆಲ್ಲ ಕೇಳಿ ಪಡೆದು, ಹೊಲಿದ ಅಂಗಿಯ ಪಕ್ಕದಲ್ಲಿ ಜೋಡಿಸಿ, ತೃಪ್ತಿಯಾದ ಮೇಲೇ ಅಂಗಿಯನ್ನು ತೊಡುವರು. ಇಂಥವರ ಸ್ಕೂಟರಿನ ಹಿಂದಿನ ಚಕ್ರ ಒಂದು ಬೆಳಿಗ್ಗೆ 'ಗುಂಯ್' ಎಂದು ರಾಗ ತೆಗೆದರೆ ಏನಾಗಬೇಡ!

ಅದು ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಇಡೀ ಚಿಕ್ಕಬಳ್ಳಾಪುರದಲ್ಲಿ ಸ್ಕೂಟರುಗಳೇ ಅಪರೂಪ. ಅದರಲ್ಲೂ ಗುಮಾಸ್ತರೊಬ್ಬರ ಬಳಿ ಸ್ಕೂಟರಿರುವುದು ಇನ್ನೂ ಅಪರೂಪ. ಆದರೆ ಕಳೆದ ಯುಗಾದಿಗೆ ಗೌರಿಬಿದನೂರಿನ ಮಾವನ ಮನೆಗೆ ಹೋದಾಗ ಅದು ಊರ ಹೊರಗೇ ಮುಷ್ಕರ ಹೂಡಿತ್ತು. ಬೆವರು ಸುರಿಸುತ್ತ ತಳ್ಳಿಕೊಂಡು ಬಂದವರನ್ನು ನೋಡಿ ಷಡ್ಡಕ ಆವಲಪ್ಪ ಬಾಗಿಲಲ್ಲೇ ಕೇಳಿದ್ದ: "ಏನಣ್ಣಾ, ಗಾಡೀನ ಕೆರೆಗೆ ನೀರು ಕುಡಿಸೋಕೆ ಹೊಡ್ಕೊಂಡು ಹೊರಟ್ರಾ?"

ಆ ಮಾತು ಚೆನ್ನರಾಯಪ್ಪನವರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಈಗ ಅದೇ ಮನೆಯಲ್ಲಿ ಆವಲಪ್ಪನ ಹೆಂಡತಿ, ಅಂದರೆ ನಾದಿನಿ ಶ್ಯಾಮಲಮ್ಮನ ಸೀಮಂತ. ಈ ಸಲ ಮಾವನ ಮನೆಯ ಜಗಲಿಯವರೆಗೂ ಗಾಡಿಯ ಮೇಲೆ ಕೂತೇ ಹೋಗಬೇಕು, ಆವಲಪ್ಪನ ಬಾಯಿ ಮುಚ್ಚಿಸಬೇಕು. ಇದು ಅವರ ಭೀಷಣ ಪ್ರತಿಜ್ಞೆ. ಅಷ್ಟರಲ್ಲಿ ಈ ಗುಂಯ್!

ಮೆಕಾನಿಕ್ ಪಾಪಯ್ಯ ಚಕ್ರವನ್ನು ತಿರುಗಿಸಿ, ಕಿವಿಯಿಟ್ಟು ಆಲಿಸಿದ. "ಬೇರಿಂಗ್‌ನಲ್ಲಿ ಗ್ರೀಸೆಲ್ಲ ಒಣಗೋಗದೆ ಸಾಮೀ. ಸೀಲೂ ಹರಿದೋಗದೆ. ಬಿಟ್ಟೋಗಿ, ಸಾಯಂಕಾಲಕ್ಕೆ ಮಾಡಿಕ್ತೀನಿ."

'ಬಿಟ್ಟೋಗಿ' ಎಂಬ ಮಾತೇ ಅನರ್ಥಕ್ಕೆ ಮೂಲವಾಯಿತು. ಯಾಕೆ ಬಿಟ್ಟು ಹೋಗಬೇಕು? ಬೇರಿಂಗೆಂಬುದು ಚಕ್ರದ ಹೊಟ್ಟೆಯೊಳಗೆ ಅಡಗಿರುವ ವಸ್ತು. ಪಾಪಯ್ಯ ತಮ್ಮ ಫಳಫಳ ಹೊಳೆಯುವ ಗುಂಡುಗಳನ್ನು ತೆಗೆದುಕೊಂಡು ಯಾವನದೋ ಸವೆದ ಗುಂಡುಗಳನ್ನು ತುಂಬಿದರೆ ಯಾರಿಗೆ ಗೊತ್ತಾಗುತ್ತದೆ? (ಅವರು ತಮ್ಮ ಬೇರಿಂಗನ್ನು ಕಣ್ಣಿನಿಂದ ನೋಡಿರಲಿಲ್ಲ. ಆದರೂ ಅದು ಫಳಫಳ ಹೊಳೆಯುತ್ತದೆಂಬ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ. ಅವರಿಗೆ ಅನುಮಾನವಿಲ್ಲದ ವಿಷಯ ಅದೊಂದೇ ಇರಬೇಕು.)

"ಸೀಲೊಂದು ಕೊಡಪ್ಪ ಸಾಕು. ನಾನೇ ಹಾಕ್ಕೋತೀನಿ."

ಸೀಲೆಂದರೆ, ಗ್ರೀಸು ಕರಗಿ ಬ್ರೇಕಿನ ಕಡೆಗೆ ಹರಿಯದಂತೆ ಕಾವಲು ಕೂತಿರುವ ರಬ್ಬರ್ ಬಳೆ. "ಈ ಮುಖ ಒಳಕ್ಕೆ ಬರ್ಬೇಕು ಸಾಮೀ" ಎಂದು ಪಾಪಯ್ಯ ತೋರಿಸಿಕೊಟ್ಟ. ಬೇಕೆಂದೇ ತಿರುಗುಮುರುಗಾಗಿ ಹೇಳುತ್ತಿದ್ದಾನೆಂದು ಚೆನ್ನರಾಯಪ್ಪನವರು ಥಟ್ಟನೆ ಕಂಡುಹಿಡಿದರು. ಮನೆಗೆ ಹೋಗಿ, ಅವನು ಒಳಕ್ಕೆಂದ ಮುಖವನ್ನು ಹೊರಕ್ಕೆ ಕೂರಿಸಿದರು.

ಅದಕ್ಕೆ ಮೊದಲು ಗ್ರೀಸಿನ ಪ್ರಕರಣ ನಡೆಯಿತು. ಗಾಡಿ ಕೊಂಡಾಗ ತಂದ ಗ್ರೀಸಿನ ಡಬ್ಬ ಸ್ಕೂಟರಿನ ಪೆಟ್ಟಿಗೆಯಲ್ಲೇ ಇತ್ತು. ಮಾಗಿಯ ಚಳಿಗೆ ಅದರೊಳಗಿನದೆಲ್ಲ ಹಳದಿಯಾಗಿ ಹೆಪ್ಪುಗಟ್ಟಿತ್ತು. ಬೆರಳಲ್ಲಿ ತೆಗೆದರೆ ಮರಳುಮರಳು. 'ಅಂಗಡಿಯವನು ರವೆ ಬೆರೆಸಿದ್ದಾನೆ' ಎಂದುಕೊಂಡರು. ಇನ್ನಷ್ಟು ಕೆದಕಿದರೆ ಕರಿದ ನುಗ್ಗೆಸೊಪ್ಪಿನಂಥ ಎಲೆಯೊಂದು ಸಿಕ್ಕಿತು. "ಕಾಲ ಕೆಟ್ಟುಹೋಯಿತು! ಗ್ರೀಸಿನಲ್ಲೂ ಕಲಬೆರಕೆ!" ಎಂದು ಉದ್ಗರಿಸಿ ಎಲೆಯನ್ನು ಎಸೆದರು. ವಾಸನೆ ನೋಡೋಣವೆಂದರೆ ನೆಗಡಿಯಿಂದ ಮೂಗು ಕಟ್ಟಿತ್ತು. ಹಣ ಕೊಟ್ಟು ತಂದ ಮಾಲು, ವ್ಯರ್ಥವಾಗಬಾರದೆಂದು ಡಬ್ಬವನ್ನು ಕೆರೆದು ಕೆರೆದು ಬೇರಿಂಗಿಗೆ ಮೆತ್ತಿ, ಮುಚ್ಚಳ ಹಾಕಿ ಮತ್ತೆ ಪೆಟ್ಟಿಗೆಯಲ್ಲೇ ಇಟ್ಟರು. ಚಕ್ರ ಗುಂಯ್ ಎನ್ನುವುದನ್ನು ನಿಲ್ಲಿಸಿತು. ಬೀದಿಯವರೆಲ್ಲ ನೋಡುವಂತೆ ಎರಡು ಸುತ್ತು ಹೊಡೆದು ಬಂದರು.

ಇತ್ತ ಅವರ ಧರ್ಮಪತ್ನಿ ವೆಂಕಟರತ್ನಮ್ಮನವರ ಅನುಮಾನಗಳೆಲ್ಲ ಒಬ್ಬರ ಮೇಲೇ ನೆಟ್ಟಿದ್ದವು: ಗಂಡನ ಮೇಲೆ. ಚೆನ್ನರಾಯಪ್ಪನವರು ತುಪ್ಪಪ್ರಿಯರು. ಹೆಂಡತಿ ಬಾವಿಕಟ್ಟೆಗೆ ಹೋದರೆ ಸಾಕು, ಇವರ ಬೆರಳು ಗಡಿಗೆಗೆ ಹೋಗುತ್ತಿತ್ತು. ತಂಗಿಯ ಸೀಮಂತದ ಒಬ್ಬಟ್ಟಿಗೆ ತಮ್ಮ ಮನೆಯ ಹಸುವಿನ ತುಪ್ಪವೇ ಬರುತ್ತದೆಂದು ಆಕೆ ತವರಿಗೆ ಹೇಳಿಕಳಿಸಿದ್ದರು. ಆದರೆ ಈ ಸಲ ತುಪ್ಪ ತೂಗುವ ನೆಲುವಿನ ಮೇಲೂ ಇರಲಿಲ್ಲ, ರಾಗಿ ಗುಡಾಣದಲ್ಲೂ ಇರಲಿಲ್ಲ. ಎಲ್ಲ ಕಡೆ ತಡಕಿ ಸೋತ ಚೆನ್ನರಾಯಪ್ಪನವರಿಗೆ, ಹೆಂಡತಿ ತುಪ್ಪವನ್ನೇ ಕಾಯಿಸಿಲ್ಲವೇನೋ ಎಂಬ ಅನುಮಾನ ಬಂದಿತ್ತು.

ಸೀಮಂತದ ದಿನ ಬೆಳಿಗ್ಗೆ ನೋಡಿದರೆ ಹಿಂದಿನ ಚಕ್ರದವರೆಗೂ ಇರುವೆಯ ಸಾಲು.

"ನೋಡಿದೆಯೇನೇ! ಕೆಲಸ ಕೊಡಲಿಲ್ಲ ಅಂತ ಆ ಪಾಪಯ್ಯ ಬಂದು ಸಕ್ಕರೆ ಎರಚಿ ಹೋಗಿದ್ದಾನೆ."

"ಅವನ ಮನೇಲಿ ಕಾಫಿಗೇ ಬೆಲ್ಲ. ನಿಮ್ಮ ಚಕ್ರಕ್ಕೆ ಸಕ್ಕರೆ ತರ್ತಾನಾ? ಮೊದಲು ಮಫ್ಲರ್ ಸುತ್ಕೊಳ್ಳಿ, ಹೋಗಣ" ಎಂದರು ವೆಂಕಟರತ್ನಮ್ಮ. ಗಂಡ ಮಫ್ಲರ್ ಸುತ್ತಿಕೊಳ್ಳುತ್ತಿರುವಾಗ ಆಕೆ ಅವಸರವಸರವಾಗಿ ಏನನ್ನೋ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಸೇರಿಸಿದರು.

ಸವಾರಿ ಹೊರಟಿತು. ಬಿಸಿಲೇರಿತು, ಚಕ್ರವೂ ಬಿಸಿಯೇರಿತು. ಮಂಚೇನಹಳ್ಳಿ ಇನ್ನೇನು ಬಂತೆನ್ನುವಷ್ಟರಲ್ಲಿ ವೆಂಕಟರತ್ನಮ್ಮನವರ ಮೂಗು ಅರಳಿತು.

"ಏನೂಂದ್ರೆ, ತುಪ್ಪದ ವಾಸನೆ!"

"ಯಾರ ಮನೇಲೋ ಕಾಯಿಸ್ತಿರಬೇಕು ಬಿಡೇ."

"ಈ ಜೋಳದ ಹೊಲದಾಗೆ ಯಾರ ಮನೆ ಐತೆ? ವಾಸನೆ ನಮ್ಮ ಜೊತೇಲೇ ಬರ್ತಾ ಐತೆ. ಗಾಡಿ ನಿಲ್ಲಿಸಿ!"

ಚೆನ್ನರಾಯಪ್ಪನವರು ಹಿಂದಿನ ಬ್ರೇಕನ್ನು ಒತ್ತಿದರು. ಬ್ರೇಕು ಬೆಣ್ಣೆಯಂತೆ ಮೃದುವಾಗಿತ್ತು. ಗಾಡಿ ಮಾತ್ರ ನಿಲ್ಲಲಿಲ್ಲ. ತನ್ನ ಪಾಡಿಗೆ ತಾನು ಮಂಚೇನಹಳ್ಳಿಯನ್ನು ಪ್ರವೇಶಿಸಿ, ಮುಂದಿನ ಬ್ರೇಕಿಗೆ ದಯೆ ಬಂದು ಹೋಟೆಲೊಂದರ ಮುಂದೆ ನಿಂತಿತು.

"ಬಾಯಿ ತೆಗೀರಿ."

"ನಡುಬೀದಿಯಲ್ಲಾ?"

"ಆ ಅನ್ರೀ!"

ಚಹಾ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟು ನೋಡುತ್ತಿರುವಾಗ ಚೆನ್ನರಾಯಪ್ಪನವರು ಆ ಅಂದರು. ವೆಂಕಟರತ್ನಮ್ಮ ಬಗ್ಗಿ ಮೂಸಿದರು. ಶುಂಠಿ ಕಷಾಯದ ವಾಸನೆಯಷ್ಟೇ ಬಂತು. ಆಕೆಯ ಅನುಮಾನ ಇನ್ನೂ ಹೆಚ್ಚಾಯಿತು: "ತಿಂದು, ಮೇಲೆ ಕಷಾಯ ಬೇರೆ ಕುಡಿದಿದ್ದೀರಾ!"

ಜಗಳ ಇತ್ಯರ್ಥವಾಗುವಷ್ಟರಲ್ಲಿ ಹಿಂದೆ ಒಂದು ಕರಿ ನಾಯಿ ಬಂದು ನಿಂತಿತ್ತು. ಗಾಡಿ ಹೊರಟಾಗ ಅದೂ ಹೊರಟಿತು. ದಾರಿಯ ಹಳ್ಳಿಗಳಲ್ಲಿ ಅದರ ನೆಂಟರಿಷ್ಟರೂ ಕೂಡಿಕೊಂಡರು. ಯಾವ ನಾಯಿಯೂ ಬೊಗಳಲಿಲ್ಲ. ದೇವರ ಮೆರವಣಿಗೆಗೆ ಬಂದ ಭಕ್ತರಂತೆ ನಾಲಿಗೆ ಚಾಚಿಕೊಂಡು ಹಿಂದೆಯೇ ಓಡಿದವು. "ಇದೂ ಪಾಪಯ್ಯನದೇ ಕೈವಾಡ" ಎಂದು ಗೊಣಗಿಕೊಂಡರು ಚೆನ್ನರಾಯಪ್ಪನವರು.

ಏನೇ ಇರಲಿ, ಸ್ಕೂಟರ್ ಮಾವನ ಮನೆಯ ಜಗಲಿಯವರೆಗೂ ಹೋಯಿತು. (ಜಗಲಿಗೆ ತಾಗಿಯೇ ನಿಂತಿತು.) "ಪರವಾಗಿಲ್ಲ ಕಣಣ್ಣಾ, ಈ ಸಲ ಕೂತ್ಕೊಂಡೇ ಬಂದ್ರಿ!" ಎಂದ ಆವಲಪ್ಪ. ಚೆನ್ನರಾಯಪ್ಪನವರ ಎದೆಯ ಮುಳ್ಳು ಸಲೀಸಾಗಿ ಹೊರಬಂತು. "ಬೇರಿಂಗನ್ನು ನಾನೇ ಬಿಚ್ಚಿ, ನಾನೇ ಗ್ರೀಸ್ ತುಂಬಿದೆ. ಮೆಕಾನಿಕ್ಕಿನ ಕೈ ಸೋಕಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಸಾರಿದರು.

ಊಟಕ್ಕೆ ಎಲೆ ಹಾಕಿದಾಗ ಅತ್ತೆ ಮುನಿಗಂಗಮ್ಮ ಕೂಗಿದರು: "ರತ್ನಾ, ತುಪ್ಪ ತಾರಮ್ಮ!"

ವೆಂಕಟರತ್ನಮ್ಮ ಚೀಲದಿಂದ ಗಂಟು ತೆಗೆದು ಬಿಚ್ಚಿದರು. ಒಳಗಿದ್ದುದು ಗ್ರೀಸಿನ ಡಬ್ಬ!

"ಇವರ ಕಣ್ಣು ತಪ್ಪಿಸೋಕೆ ಸ್ಕೂಟರ್ ಪೆಟ್ಟಿಗೇಲಿ ಇಟ್ಟಿದ್ದೆ ಕಣಮ್ಮ" ಎಂದು ಆಕೆ ಹೆಮ್ಮೆಯಿಂದ ವಿವರಿಸಿದರು. "ಇದ್ದ ಗ್ರೀಸನ್ನ ಬಾವಿ ರಾಟೆಗೆ ಹಚ್ಚಿ, ಡಬ್ಬಾನ ಸೀಗೇಕಾಯಿ ಹಾಕಿ ಉಜ್ಜಿ ತೊಳ್ದೆ. ಗಾಡಿ ತಂದಾಗಿನಿಂದ ಇವರು ಆ ಡಬ್ಬ ಮುಟ್ಟಿಲ್ಲ. ಅದಕ್ಕಿಂತ ಭದ್ರವಾದ ಜಾಗ ಎಲ್ಲೈತೆ?"

ಚೆನ್ನರಾಯಪ್ಪನವರ ಕಣ್ಣ ಮುಂದೆ ರವೆ, ನುಗ್ಗೆಸೊಪ್ಪು, ಇರುವೆ, ನಾಯಿ ಎಲ್ಲವೂ ಸಾಲಾಗಿ ಹಾದುಹೋದವು.

ಮುನಿಗಂಗಮ್ಮ ಮುಚ್ಚಳ ತೆಗೆದರು. ತಳದಲ್ಲಿ ಬೆರಳಿನ ಗೀರುಗಳಷ್ಟೇ ಇದ್ದವು. "ಏಂದಿ ಇದಿ! ಇದೇನೇ ಇದು, ಬಳಿದಿಟ್ಟಂಗೈತೆ?"

ಎಲ್ಲರೂ ಹಿರಿಯ ಅಳಿಯನನ್ನೇ ನೋಡಿದರು. ವೆಂಕಟರತ್ನಮ್ಮನವರ ಕಣ್ಣಲ್ಲಿ ನೀರು. "ಅದಕ್ಕೇ ದಾರಿಯುದ್ದಕ್ಕೂ ವಾಸನೆ! ನನ್ನ ತಂಗಿ ಸೀಮಂತದ ತುಪ್ಪ ಕಣ್ರೀ!"

ತಿನ್ನಲಿಲ್ಲ ಎನ್ನಬಹುದು. ಹಾಗಾದರೆ ಏನಾಯಿತು ಎಂದು ಕೇಳುತ್ತಾರೆ. ಆವಲಪ್ಪ ಎದುರಿಗೇ ಕೂತಿದ್ದಾನೆ. ತುಪ್ಪಗಳ್ಳನೆನ್ನಿಸಿಕೊಳ್ಳುವುದೋ, ತುಪ್ಪಕ್ಕೂ ಗ್ರೀಸಿಗೂ ವ್ಯತ್ಯಾಸ ತಿಳಿಯದ ಪೆದ್ದನೆನ್ನಿಸಿಕೊಳ್ಳುವುದೋ? ಚೆನ್ನರಾಯಪ್ಪನವರು ಗಂಟಲು ಸರಿಮಾಡಿಕೊಂಡರು.

"ಏನೋ... ಆಸೆಯಾಯ್ತು. ತಿಂದುಬಿಟ್ಟೆ."

ಪಕ್ಕದ ಮನೆಯ ಕೊಂಡಮ್ಮನ ಹತ್ತಿರ ಕಡ ತಂದ ತುಪ್ಪ ಪಂಕ್ತಿಗೆ ಬಂತು. "ಅಲ್ಲುಡಿಗೆ, ದೊಡ್ಡ ಅಳಿಯಂದ್ರಿಗೆ ಬೇಡ. ಅವರದು ಊರಲ್ಲೇ ಆಗೈತೆ" ಎಂದರು ಮುನಿಗಂಗಮ್ಮ. ತುಪ್ಪದ ಮಿಳ್ಳೆ ಎಲ್ಲರ ಒಬ್ಬಟ್ಟಿನ ಮೇಲೂ ಬಾಗಿ, ಇವರ ಎಲೆಯನ್ನು ದಾಟಿಕೊಂಡು ಮುಂದೆ ಹೋಯಿತು. ತೆರೆದ ಬಾಗಿಲಿನಾಚೆ ಸ್ಕೂಟರ್ ಕಾಣುತ್ತಿತ್ತು. ಆ ಕರಿ ನಾಯಿ ಕಣ್ಣು ಮುಚ್ಚಿಕೊಂಡು, ಹಿಂದಿನ ಚಕ್ರದ ನಡುಭಾಗವನ್ನು ನಿಧಾನವಾಗಿ, ರಸಿಕತೆಯಿಂದ ನೆಕ್ಕುತ್ತಿತ್ತು. ಉಳಿದವು ಸರದಿಗಾಗಿ ಕಾಯುತ್ತಿದ್ದವು.

"ಅಣ್ಣಾ, ನಾಯಿಗಳು ನಿಮ್ಮ ಗಾಡೀನ ಯಾಕೆ ನೆಕ್ತಾ ಅವೆ?" ಎಂದ ಆವಲಪ್ಪ.

"ಆ ಪಾಪಯ್ಯನ ಮೇಲೆ ನನಗೆ ಮೊದಲಿಂದ್ಲೂ ಅನುಮಾನ" ಎಂದರು ಚೆನ್ನರಾಯಪ್ಪನವರು.

ಒಬ್ಬಟ್ಟಿನ ತಟ್ಟೆ ಹಿಡಿದು ಬರುತ್ತಿದ್ದ ವೆಂಕಟರತ್ನಮ್ಮ ನಿಂತರು. ನಾಯಿಯನ್ನು ನೋಡಿದರು, ಚಕ್ರವನ್ನು ನೋಡಿದರು, ಗಂಡನ ಉಗುರುಸಂದಿಯ ಮಸಿಯನ್ನು ನೋಡಿದರು. ಆಮೇಲೆ ಬಡಿಸುವವರಂತೆ ಬಗ್ಗಿ, ಕಿವಿಯ ಹತ್ತಿರ ಪಿಸುಗುಟ್ಟಿದರು:

"ತಿಂದೆ ಅಂತ್ಲೇ ಇರ್ಲಿ. ನಿಜ ಗೊತ್ತಾದ್ರೆ ತವರಲ್ಲಿ ನಾನು ತಲೆಯೆತ್ತೋ ಹಂಗಿಲ್ಲ."

ಹಾಗೆಂದು ಅವರ ಎಲೆಗೆ ಇನ್ನೊಂದು ಒಣ ಒಬ್ಬಟ್ಟು ಹಾಕಿ ಮುಂದೆ ನಡೆದರು. ಹೊರಗೆ ಕರಿ ನಾಯಿ ಮೀಸೆ ನೆಕ್ಕಿಕೊಂಡು, ಎರಡನೆಯ ಸುತ್ತಿಗೆ ಬಗ್ಗಿತು.